ಸ್ಟೇರಿಂಗಿನ ಸುಖ ಅಳೆದವರಿಗೆ

ಬಸ್ ಕಂಪನಿಯ ಮ್ಯಾನೇಜರ್ ಸಾಹೇಬರೇ,

ದೇವರಿಗೆ ಕೈ ಎತ್ತಿದ ತಪ್ಪಿಗೆ ನಮ್ಮ ಯಜಮಾನರನ್ನು ಬಸ್ಸಿನಿಂದ ಇಳಿಸಿ ಶೆಡ್ಡಿನ ಗೇಟು ಕಾಯಲು ಹಾಕಿದ್ದೀರಿ. ನಿಮಗೊಬ್ಬರಿಗೇ ಬರೆದರೆ ಫೈಲಿಗೆ ಸೇರುತ್ತದೆ ಎಂದು ಬಲ್ಲವರು ಹೇಳಿದ್ದರಿಂದ ಪತ್ರಿಕೆಗೆ ಕಳಿಸುತ್ತಿದ್ದೇನೆ.

ಹಿರಿಯೂರು–ಹೊಸದುರ್ಗದ ಆ ಬಸ್ಸಿನ ಸ್ಟೇರಿಂಗು ಬಿಗಿ ಎಂದು ಅವರು ದೂರು ಕೊಟ್ಟಿದ್ದು ನಿಜ. ರಿಪೇರಿ ಮಾಡಿಸಿದ್ದರೆ ಮುಗಿಯುತ್ತಿತ್ತು. ನೀವು ದೊಡ್ಡ ಮನಸ್ಸು ಮಾಡಿ ಬೆಂಗಳೂರಿನಿಂದ ಇಂಜಿನಿಯರನ್ನು ಕರೆಸಿದಿರಿ. ಡ್ರೈವರ್ ಬಾಯಲ್ಲಿ ಹೇಳಿದ್ದು ಸಾಕ್ಷಿಯಲ್ಲ, ಅವನ ಮಾಂಸಖಂಡ ಎಷ್ಟು ದುಡಿಯುತ್ತದೆ, ತೋಳು ಎಷ್ಟು ಆಡುತ್ತದೆ ಎಂದು ಯಂತ್ರವೇ ಹೇಳಬೇಕು ಎಂದರು ಆ ಇಂಜಿನಿಯರ್. ಒಳ್ಳೆಯದೇ. ನಾನು ಯಂತ್ರದ ವಿರೋಧಿಯಲ್ಲ. ಯಜಮಾನರ ತೋಳಿಗೆ ಎಣ್ಣೆ ತಿಕ್ಕಿ ತಿಕ್ಕಿ ನನ್ನ ಬೆರಳುಗಳೇ ಸೋತಿವೆ.

ಆ ಮಂಗಳವಾರ ಕಣಿವೆ ಮಾರಮ್ಮನಿಗೆ ಹಣ್ಣುಕಾಯಿ ಮಾಡಿಸಲು ನಾನೂ ಅದೇ ಬಸ್ಸಿನಲ್ಲಿ ಕೂತಿದ್ದೆ. ಯಜಮಾನರ ಬಲತೋಳಿನ ಕೂದಲು ಬೋಳಿಸಿ, ಕಾಗದದ ಮೇಲೆ ಗೆರೆ ಎಳೆಯುವ ಯಂತ್ರದ ತಂತಿ ಅಂಟಿಸಿದ್ದರು. ಕಂಡಕ್ಟರ್ ಬೋರಣ್ಣ, "ಏನಣ್ಣ, ಈ ವಯಸ್ನಾಗೆ ಕಂಕಣ ಕಟ್ಟಿಸ್ಕಂಡೀಯ?" ಅಂದ.

"ಹೂಂ ಕಣಲೇ, ಹೆಣ್ಣು ಹಿಂದ್ಲ ಸೀಟ್ನಾಗೆ ಕುಂತೈತೆ. ಟಿಕೆಟ್ ಕೊಟ್ಯಾ?" ಅಂದರು ಇವರು.

ಬಸ್ಸೆಲ್ಲ ನಕ್ಕಿತು. ಇಂಜಿನಿಯರ್ ಮಾತ್ರ, "ನಗಿಸಬೇಡ್ರಿ, ಗೆರೆ ಅಲುಗಾಡುತ್ತೆ," ಅಂದರು.

ಈ ದಾರಿಯಲ್ಲಿ ಯಾವ ಡ್ರೈವರೂ ಗುಡಿ ಕಂಡಾಗ ಬಲಗೈ ಹಣೆಗೆ ಮುಟ್ಟಿಸದೆ ಮುಂದೆ ಹೋಗುವುದಿಲ್ಲ. ಗುಡಿಗಳೋ, ತಿರುವಿಗೊಂದು. ಭಯ ಇದ್ದಲ್ಲಿ ತಾನೇ ಹಿರಿಯರು ಗುಡಿ ಕಟ್ಟುವುದು? ಆ ಕೈ ಎದ್ದಾಗಲೆಲ್ಲ ಹಿಡಿತದ ಗೆರೆ ಮಲಗಿತು, ತೋಳಾಟದ ಗೆರೆ ನೆಗೆಯಿತು. ಅದನ್ನು ನೋಡಿ ನೀವು ಆದೇಶ ಹೊರಡಿಸಿದಿರಿ: ಸ್ಟೇರಿಂಗು ಎಷ್ಟು ಹಗುರವೆಂದರೆ ಡ್ರೈವರ್ ತಿರುವಿನಲ್ಲೂ ಆಟಕ್ಕೆ ಕೈ ಬಿಡುತ್ತಾನೆ, ಬಸ್ಸಿಗೆ ರಿಪೇರಿ ಬೇಕಿಲ್ಲ, ಡ್ರೈವರ್ ಬೇಜವಾಬ್ದಾರ.

ಹಾಗಾದರೆ ಆಗ ಬಸ್ಸು ತಿರುಗಿಸಿದ್ದು ಯಾರು ಸ್ವಾಮಿ? ಮಾರಮ್ಮನೇ? ನಾನು ವಾರಕ್ಕೊಮ್ಮೆ ಉಪವಾಸ ಮಾಡುವವಳು, ಆದರೂ ಅಷ್ಟು ಭಾರ ಅಮ್ಮನ ಮೇಲೆ ಹಾಕಲಾರೆ. ತಿರುಗಿಸಿದ್ದು ಅವರ ಎಡಗೈ. ನಾನು ರಾತ್ರಿ ತಿಕ್ಕುವುದೂ ಎಡದ ತೋಳನ್ನೇ. ಅದಕ್ಕೆ ತಂತಿ ಯಾಕಿಲ್ಲ ಎಂದು ಬಸ್ಸು ಇಳಿಯುವಾಗ ಇಂಜಿನಿಯರನ್ನು ಕೇಳಿದೆ. "ತಂದಿದ್ದು ಒಂದು ಕೈಗೆ ಆಗೋವಷ್ಟೇ ಕಣಮ್ಮ," ಅಂದರು.

ಗುಡಿ ಕಂಡರೂ ಕೈ ಎತ್ತುವುದಿಲ್ಲ ಎಂದು ಬರೆದುಕೊಟ್ಟರೆ ಮತ್ತೆ ಬಸ್ಸು ಕೊಡುತ್ತೀರಂತೆ. ಅವರು ಬರೆದುಕೊಡುವುದಿಲ್ಲ. ಬರೆದರೂ ನಾನು ಹರಿಯುತ್ತೇನೆ. ಆದರೆ ಈಗ ಆ ಬಸ್ಸು ಓಡಿಸುತ್ತಿರುವ ಯತ್ತಪ್ಪ ಈ ದಾರಿಗೆ ಹೊಸಬ. ನಿಮ್ಮ ಮಾತು ನಂಬಿ ಸ್ಟೇರಿಂಗು ಹಗುರ ಎಂದುಕೊಂಡು ತಿರುಗಿಸಲು ಹೋದರೆ, ಪಕ್ಕದಲ್ಲೇ ಅಣೆಕಟ್ಟಿನ ಹಿನ್ನೀರು. ಬಸ್ಸಿನ ತುಂಬಾ ಜನ.

ನಾನು ಕೇಳುವುದಿಷ್ಟು. ಬಸ್ಸನ್ನು ಇವತ್ತೇ ಶೆಡ್ಡಿಗೆ ಹಾಕಿ. ಅದೇ ಬಸ್ಸಿನಲ್ಲಿ, ಅದೇ ದಾರಿಯಲ್ಲಿ ನಮ್ಮ ಯಜಮಾನರನ್ನು ಕೂರಿಸಿ ಇನ್ನೊಮ್ಮೆ ಅಳೆಸಿ. ತಂತಿ ಈ ಸಲವೂ ಸಾಲದಿದ್ದರೆ ಎಡಗೈಗೇ ಹಚ್ಚಿಸಿ. ಬಲಗೈ ಏನು ಮಾಡುತ್ತದೆಂದು ನೋಡಲು ದಾರಿಯುದ್ದಕ್ಕೂ ದೇವರುಗಳಿದ್ದಾರೆ.

ಇಂತಿ,
ಗಂಡನ ಹೆಸರು ಬರೆಯುವ ವಾಡಿಕೆ ಇಲ್ಲದ್ದರಿಂದ,
ನಿಮ್ಮ ಗೇಟಿನಲ್ಲಿ ಸ್ಟೂಲಿನ ಮೇಲೆ ಕೂತಿರುವವರ ಹೆಂಡತಿ
ಜುಂಜಮ್ಮ
ಹರಿಯಬ್ಬೆ, ೧೯೭೮