ಅಂಗೈಯ ಅಂಕಿ

ಯಾರೊಸ್ಲಾವ್ಲ್
24 ಏಪ್ರಿಲ್ 1989

ಮುದ್ದು ತಾಸ್ಯಾ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಮಂಡಿನೋವು, ಅಂಚೆಚೀಟಿ ಮುಗಿದಿತ್ತು ಎಂದೆಲ್ಲ ನೆಪ ಹೇಳಬಹುದು; ಎಂಬತ್ತೊಂದರ ಮುದುಕಿಯನ್ನು ನೀನು ನಂಬಿಯೂ ನಂಬುತ್ತೀಯ. ನಿಜ ಹೇಳಲೇ? ಧೈರ್ಯ ಬರಲಿಲ್ಲ. ನೀನು ಕೇಳಿದ್ದು ಒಂದೇ ಪ್ರಶ್ನೆ: "ಚಿಕ್ಕಮ್ಮ, ಅಮ್ಮನ ಪುಸ್ತಕ ಮುಂದಿನ ತಿಂಗಳು ಅಚ್ಚಿಗೆ ಹೋಗತ್ತೆ. ಸರದಿ ಪದ್ಯದ ಕೊನೇ ಸಾಲು ನೀವು ಹೇಳಿದ ಹಾಗೇ ಇತ್ತು ತಾನೆ?"

ಉತ್ತರ ಬರೆಯುತ್ತೇನೆ, ಸ್ವಲ್ಪ ತಾಳು.

ಇವತ್ತು ಪಕ್ಕದ ಮನೆಯ ಜಿನಾಯಿದಾ ಸಕ್ಕರೆ ಸರದಿಯಿಂದ ನೇರ ನನ್ನ ಅಡುಗೆಮನೆಗೆ ಬಂದಳು. ಈಸ್ಟರ್ ಹಬ್ಬದ ಮೊಟ್ಟೆಗೆ ಬಣ್ಣ ಹಾಕಲು ಈರುಳ್ಳಿ ಸಿಪ್ಪೆ ಬೇಕಿತ್ತಂತೆ. ಅಂಗೈ ಚಾಚಿದಳು, ಅದರಲ್ಲಿ ಪೆನ್ನಿನಿಂದ ಬರೆದ ಸರದಿಯ ಅಂಕಿ, 214. "ನೋಡ್ರೀ ಅನ್ಫಿಸಾ ಲ್ವೋವ್ನಾ, ಈ ಕೈ ಒದ್ದೆ ಆದ್ರೆ ನನ್ನ ಸಕ್ಕರೆ ಹೋಯ್ತು. ಸಿಪ್ಪೆ ನೀವೇ ತುಂಬಿಕೊಟ್ಟುಬಿಡಿ!" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ನಿಮ್ಮಮ್ಮನ ಪದ್ಯವೇ ಎದುರಿಗೆ ಬಂದು ನಿಂತಿತ್ತು.

ತಾಸ್ಯಾ, ನಮ್ಮ ಕ್ಲವ್ದಿಯಾ ಎಂಥ ಹೆಣ್ಣು! ಚರ್ಚುಗಳ ಗಂಟೆ ಇಳಿಸಿ ಕರಗಿಸುತ್ತಿದ್ದ ಕಾಲ, ದೇವರ ಹೆಸರೆತ್ತಿದರೆ ಕೆಲಸ ಹೋಗುತ್ತಿತ್ತು. ಆಗ ಅವಳು ತನ್ನ ಪದ್ಯದಲ್ಲಿ ದೇವಮಾತೆಯನ್ನೇ ಪಟದಿಂದ ಇಳಿಸಿ, ಕೂಸಿನ ಸಮೇತ ರೊಟ್ಟಿಯ ಸರದಿಯಲ್ಲಿ ನಿಲ್ಲಿಸಿಬಿಟ್ಟಳು. ಯಾರೂ ಗುರುತಿಸುವುದಿಲ್ಲ. "ಮಗು ಎತ್ಕೊಂಡು ಬಂದ್ರೆ ಮುಂದೆ ಬಿಟ್ಬಿಡ್ತೀವಾ? ಹಿಂದೆ ಹೋಗಮ್ಮ!" ಎನ್ನುತ್ತಾರೆ. ಕೂಸಿನ ಅಂಗೈಗೂ ನೇರಳೆ ಪೆನ್ಸಿಲಿನ ಅಂಕಿ ಬೀಳುತ್ತದೆ, ಮುಂದೆ ಶಿಲುಬೆಯ ಮೊಳೆ ಇಳಿಯುವ ಜಾಗದಲ್ಲೇ. ತಾಯಿ ಎಂಜಲು ಹಚ್ಚಿ ಉಜ್ಜುತ್ತಾಳೆ. ಆ ಪೆನ್ಸಿಲಿನ ಗುಣ ಗೊತ್ತಲ್ಲ, ಒದ್ದೆಯಾದಷ್ಟೂ ಬಣ್ಣ ಏರುತ್ತದೆ. ನಲವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವಳು ನಾನು. ಇಂಥ ಪದ್ಯ ಇನ್ನೊಂದು ಕಾಣಲಿಲ್ಲ.

ಅದನ್ನವಳು ಕಾಗದಕ್ಕೆ ಇಳಿಸಲೇ ಇಲ್ಲ. ಬಟ್ಟೆ ಒಗೆಯುತ್ತ ನನ್ನ ಬಾಯಲ್ಲಿ ಹೇಳಿಸಿ ಹೇಳಿಸಿ ಕಲಿಸಿದಳು. "ಫೀಸಾ, ಒಂದು ಅಲ್ಪವಿರಾಮನೂ ನಿನ್ನಿಂದ ತಪ್ಪಿಸ್ಕೊಳ್ಳಲ್ಲ. ನಿನ್ನ ಹತ್ರ ಇದ್ರೆ ಭದ್ರ ಕಣೇ" ಅಂದಿದ್ದಳು. ನಿನಗಾಗ ಐದು ವರ್ಷ, ಸೋಪಿನ ನೊರೆಯಲ್ಲಿ ಆಡುತ್ತಿದ್ದೆ.

ಭಾನುವಾರದ ಹಬ್ಬ ನಿನಗೆ ನೆಮ್ಮದಿ ತರಲಿ. ಮೊಮ್ಮಕ್ಕಳಿಗೆ ನನ್ನ ಮುತ್ತು. ದೇವಮಾತೆ ನಿಮ್ಮೆಲ್ಲರನ್ನೂ ಕಾಯಲಿ.

ನಿನ್ನ
ಫೀಸಾ ಚಿಕ್ಕಮ್ಮ

ಹಿಂಬರಹ: "ಅಳಬೇಡ ಕಂದ, ನಮ್ಮ ಸರದಿ ಬಂತು." ಸಂಪಾದಕರು ಓದಿ ಅತ್ತರು ಎಂದೆಯಲ್ಲ, ಆ ಸಾಲು ನಿಮ್ಮಮ್ಮನದಲ್ಲ. ನನ್ನದು. ಪೊಲೀಸರು ಅವಳನ್ನು ಹಿಡಿದುಕೊಂಡು ಹೋದ ದಿನದಿಂದ, ನನ್ನನ್ನೂ ಕರೆದು ಕೇಳಿಯಾರು ಎಂಬ ಭಯ ಹತ್ತಿತು. ದೇವರ ಹೆಸರಿದ್ದದ್ದು ಅವಳ ನಿಜವಾದ ಕೊನೆಯ ಸಾಲಿನಲ್ಲಿ. ಅದು ನಾಲಿಗೆಗೆ ಬಂದಾಗಲೆಲ್ಲ, ಮರೆಯಲೆಂದೇ ಏಳರ ಮಗ್ಗಿ ಹೇಳಿಕೊಂಡೆ. ಒಂದು ಬೇಸಿಗೆಯಲ್ಲಿ ಸಾಲು ಅಳಿಸಿಹೋಯಿತು. ಯಾರೂ ನನ್ನನ್ನು ಕೇಳಲು ಬರಲೇ ಇಲ್ಲ, ತಾಸ್ಯಾ. ಹೋದ ವರ್ಷ ನೀನು ನೋಟ್‌ಬುಕ್ ಹಿಡಿದು ಎದುರಿಗೆ ಕೂತಾಗ, ಮರೆತೆ ಎನ್ನಲು ನಾಚಿಕೆಯಾಗಿ ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಈಗಲೂ ನೆನಪಿಸಿಕೊಳ್ಳಲು ಕೂತರೆ ಬರುವುದು ಏಳೊಂದ್ಲೆ ಏಳು. ನನ್ನ ಸಾಲು ಹೊಡೆದುಹಾಕು. ಅಲ್ಲಿ ಬರೀ ಚುಕ್ಕಿ ಹಾಕಿಸು. ಸರದಿಯಿಂದ ಆಚೆ ಹೋದವರ ಜಾಗವನ್ನು ಹಿಂದಿನವರು ಕಾಯುತ್ತಾರೆ. ನಾನು ಅವಳ ಜಾಗದಲ್ಲೇ ನಿಂತುಬಿಟ್ಟೆ.