ಹತ್ತು ನಿಮಿಷದ ಗಂಡನ ಸಹಿ

ಮಾನ್ಯ ಆಸ್ಪತ್ರೆ ಅಧೀಕ್ಷಕರೇ,

ನನ್ನ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ನಿಮ್ಮ ವೈದ್ಯರು ಕಳೆದ ತಿಂಗಳು ರದ್ದು ಮಾಡಿದರು. ಕಾರಣ, ನನ್ನ ಗಂಡನಿಗೆ ಮಗುವಿನ ಆಸೆ ಇದೆಯಂತೆ. ನನಗೆ ಗಂಡನೇ ಇಲ್ಲ. ಇದನ್ನು ನಿಮ್ಮ ಕಚೇರಿಗೆ ಎರಡು ಸಲ ಬರೆದು ತಿಳಿಸಿದೆ, ಉತ್ತರವಿಲ್ಲ. ಅದಕ್ಕೇ ಈಗ ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ನನಗೆ ಮೂವತ್ತೇಳು ವರ್ಷ, ಕೆಲಸ ಲಿಫ್ಟ್ ರಿಪೇರಿ. ಅಮ್ಮನನ್ನೂ ಅಣ್ಣನನ್ನೂ ಒಂದೇ ಕಾಯಿಲೆ ಕೊಂಡೊಯ್ದಿತು. ಮೊದಲು ಕೈಯಿಂದ ಚಮಚ ಜಾರುತ್ತದೆ, ಆಮೇಲೆ ಕಾಲು ಮಾತು ಕೇಳುವುದಿಲ್ಲ, ಕೊನೆಗೆ ನುಂಗಲಿಕ್ಕೂ ಆಗುವುದಿಲ್ಲ. ಅಣ್ಣನಿಗೆ ಒಂಬತ್ತು ವರ್ಷ ಊಟ ಮಾಡಿಸಿದವಳು ನಾನು. ಅದು ನನ್ನ ರಕ್ತದಲ್ಲೂ ಇದೆ ಎಂದು ವರದಿ ಕೊಟ್ಟದ್ದು ನಿಮ್ಮದೇ ಪ್ರಯೋಗಾಲಯ. ನನ್ನೊಂದಿಗೇ ಮುಗಿಯಲಿ ಎಂದು ತೀರ್ಮಾನಿಸಿದೆ.

ಕೌಂಟರಿನಾಕೆ ಅರ್ಜಿ ತಿರುವಿ ನೋಡಿದರು.

"ಗಂಡನ ಸಹಿ ಎಲ್ಲಮ್ಮಾ?"

"ಗಂಡ ಇಲ್ಲ."

"ಮದ್ವೇನೇ ಆಗಿಲ್ಲ ಅಂದ್ಮೇಲೆ ಈ ಆಪರೇಷನ್ ಯಾಕೆ?"

ಮದುವೆಯಾಗದವಳು ಒಂಟಿಯಾಗಿಯೇ ಇರುತ್ತಾಳೆ ಎಂಬುದು ಆಕೆಯ ಎಣಿಕೆ. ಬಹುಮಟ್ಟಿಗೆ ನಿಜ. ಆ ಬಹುಮಟ್ಟಿಗೆಯ ಆಚೆ ಉಳಿಯುವ ಅಷ್ಟಿಷ್ಟಕ್ಕಾಗಿಯೇ ನಾನು ಅರ್ಜಿ ಹಾಕಿದ್ದು. ಆಕೆಯ ತಲೆಯ ಮೇಲೆಯೇ ಫಲಕವೊಂದಿತ್ತು: 'ವಯಸ್ಕರ ಶಸ್ತ್ರಚಿಕಿತ್ಸೆಗೆ ಅವರ ಸ್ವಂತ ಒಪ್ಪಿಗೆ ಸಾಕು.' ಬೆರಳು ಮಾಡಿ ತೋರಿಸಿದೆ.

"ಅದು ಕಾನೂನು. ಇದು ನಮ್ಮ ಫಾರಂ. ಯಾರಾದ್ರೂ ನಿಮ್ಮವರ ಕೈಲಿ ಹಾಕಿಸ್ಕೊಂಡು ಬನ್ನಿ, ಯಾರೂ ನೋಡಲ್ಲ."

ನಿಮ್ಮವರು ಎಂಬ ಮಾತು ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ! ಬೆಂಚಿನ ಮೇಲೆ ಕುಳಿತು ಮೊಬೈಲಿನ ಹೆಸರುಗಳನ್ನು ಕೊನೆಯವರೆಗೂ ಸರಿಸಿದೆ. ಕಟ್ಟಡಗಳ ಕಾವಲುಗಾರರು, ಕೇಬಲ್ ಮಾರುವವರು, ಒಬ್ಬರು ಹಲ್ಲಿನ ಡಾಕ್ಟರು. ಆಸ್ಪತ್ರೆಗೆ ಬಾ ಎಂದು ಕರೆಯಬಹುದಾದವರು ಒಬ್ಬರೂ ಇರಲಿಲ್ಲ. ಅಳು ಬಂತು, ಮುಚ್ಚಿಡುವುದೇನು?

ಪಕ್ಕದಲ್ಲಿ ಮಂಡಿನೋವಿಗೆಂದು ಬಂದ ದರ್ಜಿಯೊಬ್ಬರು ಕುಳಿತಿದ್ದರು. ಹೆಂಡತಿ ತೀರಿಕೊಂಡು ಆರು ವರ್ಷವಂತೆ. "ಕೊಡಮ್ಮಾ, ಒಂದು ಸಹಿಗೆಲ್ಲ ಅಳ್ತಾರಾ?" ಎಂದು ಯಾವ ಆಪರೇಷನ್ ಎಂದೂ ಓದದೆ ಗಂಡನ ಕಾಲಂನಲ್ಲಿ ಸಹಿ ಎಳೆದರು. ಸುಳ್ಳಿಗೆ ಒಪ್ಪಿದ್ದು ನನ್ನ ತಪ್ಪು. ಒಳಗೆ ಕರೆಯುವವರೆಗೆ ನನ್ನ ಚೀಲ ಅವರ ತೊಡೆಯ ಮೇಲಿತ್ತು. ಆ ಹತ್ತು ನಿಮಿಷ ನನಗೆ ಹಿತವಾಗಿತ್ತು ಎಂಬುದನ್ನೂ ಬರೆದುಬಿಡುತ್ತೇನೆ.

ಗಂಡನೂ ಬರಲಿ ಎಂದು ಇಬ್ಬರನ್ನೂ ಒಳಗೆ ಕರೆದರು. ವೈದ್ಯರು ನನ್ನತ್ತ ನೋಡಲಿಲ್ಲ. ದರ್ಜಿಯನ್ನೇ ಕೇಳಿದರು: "ನಿಮಗೆ ಮಕ್ಕಳು ಬೇಕು ಅಂತ ಇಲ್ವಾ?"

ಪಾಪ, ಆ ಮನುಷ್ಯ ತಮ್ಮ ಮನಸ್ಸಿನಲ್ಲಿದ್ದುದನ್ನೇ ಹೇಳಿದರು. "ಇದೆ ಸಾರ್. ಒಂದು ಹೆಣ್ಣು ಮಗು ಇದ್ದಿದ್ರೆ ಮನೆ ಮನೆ ಥರ ಇರೋದು."

ವೈದ್ಯರು ಅರ್ಜಿಗೆ ಅಲ್ಲೇ ಅಡ್ಡಗೀಟು ಹಾಕಿದರು. "ನೋಡಿ, ಯಜಮಾನ್ರಿಗೆ ಆಸೆ ಇದೆ. ಮನೆಗೆ ಹೋಗಿ ಮಾತಾಡ್ಕೊಂಡು ಬನ್ನಿ." ಯಾವ ಮನೆಗೆ, ಸ್ವಾಮಿ? ನಿಜ ಹೇಳಿದೆ. ಮೋಸ ಎಂದು ಇಬ್ಬರನ್ನೂ ಹೊರಗೆ ಕಳಿಸಿದರು. "ತಪ್ಪಾಯ್ತು ಕಣಮ್ಮಾ, ಕೇಳಿದ್ರಲ್ಲಾ ಅಂತ ಹೇಳ್ಬಿಟ್ಟೆ" ಎಂದು ದರ್ಜಿ ಕೈಮುಗಿದರು. ಅವರದೇನು ತಪ್ಪು? ಅವರನ್ನು ಕೇಳಿದರು. ನನ್ನನ್ನು ಯಾರೂ ಕೇಳಲಿಲ್ಲ.

ಇದು ಮತ್ತೆ ಸರಿಪಡಿಸಲಾಗದ್ದು, ಬೇರೆ ದಾರಿಗಳೂ ಇವೆ, ಯೋಚಿಸು ಎಂದು ನನಗೆ ಹೇಳುವುದು ವೈದ್ಯರ ಹೊಣೆಯಲ್ಲವೇ? ಮನಸ್ಸೊಪ್ಪದಿದ್ದರೆ ಇನ್ನೊಬ್ಬ ವೈದ್ಯರ ಬಳಿ ಕಳಿಸುವುದೂ ಹೊಣೆಯಲ್ಲವೇ? ನಿಮ್ಮ ಎರಡೂ ಲಿಫ್ಟಿನ ಸುರಕ್ಷತಾ ಚೀಟಿಯಲ್ಲಿರುವುದು ನನ್ನೊಬ್ಬಳ ಸಹಿ. ಅದನ್ನು ನಂಬಿ ನೀವು ದಿನವೂ ಆರು ಮಹಡಿ ಏರಿಳಿಯುತ್ತೀರಿ. ಅಲ್ಲಿ ಗಂಡನನ್ನು ಕರೆತಾ ಎಂದು ಯಾರೂ ಅಂದದ್ದಿಲ್ಲ.

ಆ ಕಾಲಂ ತೆಗೆದುಹಾಕಿ. ನನ್ನ ಒಪ್ಪಿಗೆಯ ಮೇಲೆ ದಿನಾಂಕ ಕೊಡಿ. ಇನ್ನೊಂದು ಬೇಡಿಕೆ ಯಾವ ಕಾನೂನಿನಲ್ಲೂ ಇಲ್ಲ, ಆದರೂ ಕೇಳುತ್ತೇನೆ. ಆಪರೇಷನ್ ಮುಗಿದು ನನಗೆ ಎಚ್ಚರವಾದಾಗ ಹಾಸಿಗೆಯ ಪಕ್ಕ ಯಾರೂ ಇರುವುದಿಲ್ಲ. ಐದು ನಿಮಿಷ ಒಬ್ಬ ನರ್ಸನ್ನು ಕೂರಿಸಿ, "ಮುಗೀತಮ್ಮಾ" ಎಂದು ಹೇಳಿಸಿ.

ಇಂತಿ,
ತನ್ನ ಜೊತೆಗೆ ತಾನೇ ಬಂದವಳು