ಪೆನ್ಶನಿನ ಜೋಡಿ ಫೋಟೋ

ಫೋಟೋಗ್ರಾಫರ್ ಮಹಾಗಣಪತಿಯವರಿಗೆ,

ನಾನು ಕೆದಂಬಾಡಿಗೆ, ಅಕ್ಕನ ಮನೆಗೆ ಹೊರಟೆ. ಫೋನ್ ಮಾಡುದು ಬೇಡ.

ಗಂಜಿ ಕುಕ್ಕರಿನಲ್ಲಿ ಉಂಟು. ಚಟ್ನಿ ಬೇಕಾದರೆ ಅರೆದುಕೊಳ್ಳಿ. ಬೂಷ್ಟು ಹಿಡಿಯುತ್ತದೆಂದು ನೀವು ನನ್ನ ಅಕ್ಕಿ ಡ್ರಮ್ಮಿನಲ್ಲಿ ಹುಗಿದಿಟ್ಟ ಹೊಸ ಲೆನ್ಸನ್ನು ತೆಗೆದು ದನದ ಹಟ್ಟಿಯಲ್ಲಿ ಇಟ್ಟಿದ್ದೇನೆ. ಇನ್ನೊಮ್ಮೆ ಡ್ರಮ್ಮಿನಲ್ಲಿ ಕಂಡರೆ ಅನ್ನದೊಟ್ಟಿಗೆ ಬೇಯಿಸುತ್ತೇನೆ.

ಮದುವೆಯ ಹೊಸತರಲ್ಲಿ ಬಿಟ್ಟ ಫೋಟೋದ ಹುಚ್ಚು ರಿಟೈರಾಗುವ ಹೊತ್ತಿಗೆ ಪುನಃ ಹಿಡಿಯಿತು ನಿಮಗೆ. ಪೆನ್ಶನ್ ಕಾಗದಕ್ಕೆ ಗಂಡ ಹೆಂಡತಿ ಒಟ್ಟಿಗೆ ಇರುವ ಫೋಟೋ ಬೇಕಂತೆ, ಪುತ್ತೂರಿನ ಸ್ಟುಡಿಯೋಕ್ಕೆ ಹೋಗುವ ಎಂದೆ. "ಇಂಥ ಕ್ಯಾಮೆರಾ ಇರುವಾಗ ಸ್ಟುಡಿಯೋ ಎಂತಕ್ಕೆ ಮಾರಾಯ್ತಿ?" ಎಂದಿರಿ.

ನಿನ್ನೆ ಪಟ್ಟೆ ಸೀರೆ ಉಡಿಸಿ, ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿ, ಅಲ್ಲಾಡಬೇಡ ಎಂದು ಗದರಿಸಿದಿರಿ. ಅಷ್ಟರಲ್ಲಿ ಮಂಗಟ್ಟೆ ಹಕ್ಕಿ ಕೂಗಿತು. ಸ್ಟ್ಯಾಂಡಿನಿಂದ ಕ್ಯಾಮೆರಾ ಕಳಚಿಕೊಂಡು ಓಡಿದವರು ಬಂದದ್ದು ಊಟದ ಹೊತ್ತಿಗೆ. ನಾನು ಬಿಸಿಲಿನಲ್ಲಿ ಅಲ್ಲಾಡದೆ ಕೂತೇ ಇದ್ದೆ. ನೀವು ನನಗೆ ಕ್ಯಾಮೆರಾದಲ್ಲಿ ಅದರ ಕೊಕ್ಕು ತೋರಿಸಿದಿರಿ.

ಫೋಟೋ ಕೊಡಲು ನಾಳೆ ಕಡೇ ದಿನ. ನನಗೆ ಪುರುಸೊತ್ತಿಲ್ಲ. ಆ ಹಕ್ಕಿಯನ್ನೇ ಪಕ್ಕದಲ್ಲಿ ಕೂರಿಸಿಕೊಂಡು ತೆಗೆಸಿಕೊಳ್ಳಿ.

ನಿಮ್ಮ ನಂತರ ಪೆನ್ಶನೂ ಅದಕ್ಕೇ ಬರಲಿ.

ವಾಸಂತಿ